ತಿಮಿಂಗಿಲದ ಮೇಲಿನ ಬಣ್ಣ ತೆಗೆದಿದ್ದು ತಪ್ಪಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿರುವ ಒಂದು ಡಚ್ ಕಡಲ ಚಿತ್ರದ ಬಗ್ಗೆ ಲೇಖನ ಬಂದಿತ್ತು. ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದ ತಿಮಿಂಗಿಲ ಮತ್ತೆ ಕಣ್ಣಿಗೆ ಬಿದ್ದ ಕಥೆ. ಆಮೇಲೆ ಓದುಗರೊಬ್ಬರು ಆಕ್ಷೇಪಿಸಿ ಪತ್ರ ಬರೆದಿದ್ದರು. ತಿಮಿಂಗಿಲದ ಮೇಲೆ ಬಣ್ಣ ಬಳಿದವನೂ ಒಬ್ಬ ಚಿತ್ರಕಾರನೇ ಅಲ್ವಾ, ಅವನ ಕೆಲಸವೂ ಈಗ ಇತಿಹಾಸವೇ, ಅದನ್ನು ಕೆರೆದು ಹಾಕುವ ಹಕ್ಕು ಮ್ಯೂಸಿಯಂಗೆ ಎಲ್ಲಿಂದ ಬಂತು ಎಂದು ಅವರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾನು ಹಳೆಯ ತೈಲಚಿತ್ರಗಳ ಸಂರಕ್ಷಣೆಯನ್ನೇ ಕಸುಬಾಗಿ ಮಾಡಿಕೊಂಡು ಬಂದವಳು. ಅದರಲ್ಲೂ ಹಡಗು, ಕಡಲು, ಕರಾವಳಿಯ ಚಿತ್ರಗಳ ಮೇಲೆ ಜಾಸ್ತಿ ಕೆಲಸ ಮಾಡಿದ್ದೇನೆ. ಈ ಪ್ರಶ್ನೆ ನಮ್ಮ ಕೆಲಸದ ಕೋಣೆಯಲ್ಲಿ ದಿನಾ ಏಳುತ್ತದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ದಯವಿಟ್ಟು ಜಾಗ ಕೊಡಿ.

ಲೇಖನ ಓದದವರಿಗಾಗಿ ಮೊದಲು ಚಿತ್ರದ ವಿಷಯ ಹೇಳಿಬಿಡುತ್ತೇನೆ. ಬರೆದವನು ಹೆಂಡ್ರಿಕ್ ವಾನ್ ಆಂತೋನಿಸನ್, ಆಮ್‌ಸ್ಟರ್‌ಡ್ಯಾಮ್‌ನವನು. ಅವನ ಅಪ್ಪನೂ ಕಡಲ ಚಿತ್ರ ಬರೆಯುತ್ತಿದ್ದವನೇ. ಚಿತ್ರ 1641ರ ಸುಮಾರಿನದು. ಹೇಗ್ ಪಟ್ಟಣದ ಪಕ್ಕದಲ್ಲೇ ಇದ್ದ ಸ್ಖೇವನಿಂಗನ್ ಎಂಬ ಮೀನುಗಾರರ ಊರಿನ ಮರಳದಂಡೆ ಅದರಲ್ಲಿದೆ. ಅಗಲ ಒಂದು ಮೀಟರ್‌ಗಿಂತ ತುಸು ಜಾಸ್ತಿ, ಎತ್ತರ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. 1873ರಲ್ಲಿ ರಿಚರ್ಡ್ ಎಡ್ವರ್ಡ್ ಕೆರಿಚ್ ಎಂಬ ಪಾದ್ರಿ ಇದನ್ನು ಮ್ಯೂಸಿಯಂಗೆ ಕೊಟ್ಟರು. ಆ ಹೊತ್ತಿಗಾಗಲೇ ತಿಮಿಂಗಿಲ ಮಾಯವಾಗಿತ್ತು. ಮ್ಯೂಸಿಯಂನವರು ಅಲ್ಲಿಂದ ಮುಂದೆ ನೋಡುತ್ತಾ ಬಂದದ್ದು ಮರಳು, ನೀರು, ದೊಡ್ಡ ಆಕಾಶ ಮತ್ತು ಜನ, ಇಷ್ಟನ್ನೇ.

ಆ ಜನರ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಂಡಿರಲಿಲ್ಲ. ಗಾಳಿ ಬೀಸುವ ಚಳಿಗಾಲದ ದಿನ ಅದು. ಅಂಥ ದಿನ ಯಾರೂ ಕಡಲ ದಂಡೆಗೆ ಹವಾ ತಿನ್ನಲು ಬರುವುದಿಲ್ಲ. ಆದರೂ ಗುಂಪು ಗುಂಪಾಗಿ ಬಂದು ನಿಂತಿದ್ದಾರೆ. ಎತ್ತರದ ದಿಬ್ಬದ ಮೇಲೂ ಹತ್ತಿ ನಿಂತಿದ್ದಾರೆ. ನೋಡುತ್ತಿರುವುದು ನೀರಂಚಿನ ಕಡೆಗೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಹ್ಯಾಮಿಲ್ಟನ್ ಕೆರ್ ಇನ್‌ಸ್ಟಿಟ್ಯೂಟ್‌ನಲ್ಲಿ ಚಿತ್ರವನ್ನು ಕೈಗೆತ್ತಿಕೊಂಡ ಶಾನ್ ಕುವಾಂಗ್ ಎಂಬ ಯುವ ಸಂರಕ್ಷಕಿಗೆ ಇದು ವಿಚಿತ್ರ ಅನ್ನಿಸಿತು. ಈ ಸಂಸ್ಥೆ ಫಿಟ್ಸ್‌ವಿಲಿಯಂ ಮ್ಯೂಸಿಯಂನದ್ದೇ ವಿಭಾಗ. ಕೇಂಬ್ರಿಜ್‌ನ ದಕ್ಷಿಣಕ್ಕೆ ವಿಟ್ಲ್ಸ್‌ಫರ್ಡ್ ಎಂಬ ಹಳ್ಳಿಯಲ್ಲಿ, ಹೊಳೆ ಪಕ್ಕದ ಹಳೆಯ ಗಿರಣಿ ಮನೆಯಲ್ಲಿ 1976ರಿಂದ ನಡೆಯುತ್ತಿದೆ. ನಮ್ಮ ಕಸುಬಿನವರಿಗೆ ಅದು ದೊಡ್ಡ ಹೆಸರು.

ಲೇಖನದಲ್ಲಿ ಎಕ್ಸ್-ರೇ ಯಂತ್ರ ತಿಮಿಂಗಿಲವನ್ನು ಪತ್ತೆ ಹಚ್ಚಿತು ಎಂದು ಬರೆದಿದ್ದೀರಿ. ನಡೆದದ್ದು ಹಾಗಲ್ಲ. ಹಳದಿ ಹಿಡಿದ ವಾರ್ನಿಷ್ ತೆಗೆಯುವ ಮಾಮೂಲಿ ಕೆಲಸ ನಡೆಯುತ್ತಿತ್ತು. ವಾರ್ನಿಷ್ ಹೋಗುತ್ತಾ ಬಂದಂತೆ ಒಬ್ಬ ಮನುಷ್ಯನ ಆಕೃತಿ ಕಾಣಿಸಿತು. ಅವನು ನಿಂತಿದ್ದು ನೆಲದ ಮೇಲಲ್ಲ, ದಿಗಂತದ ಗೆರೆಯ ಹತ್ತಿರ, ಗಾಳಿಯಲ್ಲಿ. ಪಕ್ಕದಲ್ಲಿ ಹಾಯಿಯಂಥ ಒಂದು ಆಕಾರ. ದೋಣಿಯೇ ಇಲ್ಲದ ಹಾಯಿ. ಅದು ತಿಮಿಂಗಿಲದ ರೆಕ್ಕೆ ಎಂದು ಗೊತ್ತಾದದ್ದು ಆಮೇಲೆ. ಆ ಮನುಷ್ಯ ನಿಂತಿದ್ದು ದಡಕ್ಕೆ ಬಿದ್ದ ತಿಮಿಂಗಿಲದ ಮೈ ಮೇಲೆ! 2014ರ ಜೂನ್‌ನಲ್ಲಿ ಮ್ಯೂಸಿಯಂ ಈ ಸುದ್ದಿಯನ್ನು ಹೊರಗೆ ಹೇಳಿತು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯಂತ್ರ ಕಂಡುಹಿಡಿಯಿತು ಎಂದ ಕೂಡಲೇ ಓದುಗರಿಗೆ ಒಂದು ಗುಂಡಿ ಒತ್ತಿದ ಹಾಗೆ ಕಾಣುತ್ತದೆ. ಮಧ್ಯದ ತಿಂಗಳುಗಟ್ಟಲೆ ಕೆಲಸ, ಅನುಮಾನ, ಚರ್ಚೆ ಎಲ್ಲ ಕಣ್ಮರೆಯಾಗುತ್ತದೆ. ಪತ್ರ ಬರೆದ ಓದುಗರಿಗೆ ಸಿಟ್ಟು ಬಂದದ್ದೂ ಅದಕ್ಕೇ ಇರಬೇಕು. ಯಾರೋ ಸರಕ್ಕನೆ ಕೆರೆದು ಹಾಕಿಬಿಟ್ಟರು ಅನ್ನುವ ಚಿತ್ರ ಅವರ ಮನಸ್ಸಿನಲ್ಲಿ ಮೂಡಿದೆ.

ವಾರ್ನಿಷ್ ತೆಗೆಯುವುದು ಹೇಗಿರುತ್ತದೆ ಎಂದು ಹೇಳುತ್ತೇನೆ. ಹಳೆಯ ಚಿತ್ರಗಳಿಗೆ ಮರದ ಅಂಟಿನಿಂದ ಮಾಡಿದ ವಾರ್ನಿಷ್ ಹಚ್ಚುತ್ತಿದ್ದರು. ಡಮ್ಮರ್, ಮ್ಯಾಸ್ಟಿಕ್ ಅಂಥವು. ಹಚ್ಚಿದಾಗ ಗಾಜಿನಷ್ಟು ತಿಳಿ. ಕೆಲವೇ ದಶಕಗಳಲ್ಲಿ ಹಳದಿ, ಆಮೇಲೆ ಕಂದು. ಅದರ ಮೇಲೆ ಹೊಗೆ, ಧೂಳು. ಮೊದಲು ಮೇಲಿನ ಕೊಳೆ ತೆಗೆಯಬೇಕು. ಇದಕ್ಕೆ ಇವತ್ತಿಗೂ ನಾವು ಬಳಸುವ ಒಳ್ಳೆಯ ವಸ್ತು ಎಂದರೆ ನಮ್ಮದೇ ಎಂಜಲು. ಓದುಗರಿಗೆ ಅಸಹ್ಯ ಅನ್ನಿಸಬಹುದು. ಆದರೆ ಅದರಲ್ಲಿರುವ ಕಿಣ್ವಗಳು ಜಿಡ್ಡನ್ನು ಮೆಲ್ಲಗೆ ಬಿಡಿಸುತ್ತವೆ, ಬಣ್ಣಕ್ಕೆ ತೊಂದರೆ ಕೊಡುವುದಿಲ್ಲ. ಸಣ್ಣ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಚಿತ್ರದ ಮೇಲೆ ಉರುಳಿಸುತ್ತೇವೆ. ಉಜ್ಜುವುದಿಲ್ಲ, ಉರುಳಿಸುತ್ತೇವೆ. ಒಂದು ಸಲ ಬಳಸಿದ ಹತ್ತಿಯನ್ನು ಮತ್ತೆ ಮುಟ್ಟಿಸುವುದಿಲ್ಲ.

ಕೊಳೆ ಹೋದ ಮೇಲೆ ವಾರ್ನಿಷ್. ಅದಕ್ಕೆ ದ್ರಾವಕ ಬೇಕು. ಯಾವ ದ್ರಾವಕ, ಎಷ್ಟು ತೆಳು, ಎಷ್ಟು ಹೊತ್ತು ಎಂಬುದನ್ನು ಚಿತ್ರದ ಅಂಚಿನಲ್ಲಿ ಉಗುರಿನಷ್ಟು ಜಾಗದಲ್ಲಿ ಮೊದಲು ಪರೀಕ್ಷೆ ಮಾಡುತ್ತೇವೆ. ಹತ್ತಿಯಲ್ಲಿ ಚಹಾ ಬಣ್ಣ ಬಂದರೆ ವಾರ್ನಿಷ್ ಬರುತ್ತಿದೆ ಎಂದರ್ಥ. ನೀಲಿಯೋ ಕೆಂಪೋ ಒಂದು ಚೂರು ಕಂಡರೂ ಕೈ ಅಲ್ಲೇ ನಿಲ್ಲಬೇಕು. ಬಿಳಿ ಬಣ್ಣಕ್ಕೆ ಏನೂ ಆಗದ ದ್ರಾವಕ ಪಕ್ಕದ ಕಂದು ನೆರಳನ್ನು ತಿಂದುಬಿಡಬಹುದು. ಹಾಗಾಗಿ ಚಿತ್ರಕ್ಕೆಲ್ಲ ಒಂದೇ ಮದ್ದು ಅಂತ ಇರುವುದಿಲ್ಲ.

ಕಡಲ ಚಿತ್ರಗಳಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಆ ಕಾಲದ ಡಚ್ಚರು ಬಣ್ಣವನ್ನು ಬಹಳ ತೆಳುವಾಗಿ ಬಳಿಯುತ್ತಿದ್ದರು. ಓಕ್ ಹಲಗೆಯ ಮೇಲೆ ಬರೆದ ಎಷ್ಟೋ ಚಿತ್ರಗಳಲ್ಲಿ ಮರದ ಎಳೆ ಕೂಡ ಆಕಾಶದೊಳಗೆ ಕಾಣುತ್ತದೆ. ಹಡಗಿನ ಹಗ್ಗಗಳನ್ನು ಎಲ್ಲಕ್ಕಿಂತ ಕೊನೆಗೆ, ಕೂದಲಿನಷ್ಟು ತೆಳುವಾದ ಕುಂಚದಲ್ಲಿ ಎಳೆಯುತ್ತಿದ್ದರು. ಕೊನೆಗೆ ಬಂದದ್ದು ಮೊದಲು ಹೋಗುತ್ತದೆ. ಹಿಂದೊಮ್ಮೆ ಖಾಸಗಿ ಸಂಗ್ರಹವೊಂದರಿಂದ 17ನೇ ಶತಮಾನದ ಹಡಗಿನ ಚಿತ್ರ ನನ್ನ ಮೇಜಿಗೆ ಬಂತು. ಅದಕ್ಕೂ ಮೊದಲು ಯಾರೋ ಅದನ್ನು ಜೋರಾಗಿ ಉಜ್ಜಿ ಬೆಳ್ಳಗೆ ಮಾಡಿದ್ದರು. ಹಡಗಿನ ಒಡಲಿದೆ, ಕಂಬವಿದೆ, ಹಾಯಿಯಿದೆ. ಹಗ್ಗಗಳೇ ಇಲ್ಲ. ಹಾಯಿ ಯಾವ ಆಸರೆಯೂ ಇಲ್ಲದೆ ನೇತಾಡುತ್ತಿತ್ತು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಮಾತ್ರ, ಕುಂಚದ ಗೀರುಗಳ ನಡುವಿನ ತಗ್ಗಿನಲ್ಲಿ ಕಪ್ಪು ಚುಕ್ಕಿಗಳು ಸಾಲಾಗಿ ಉಳಿದಿದ್ದವು. ಒಂದು ಕಾಲದ ಹಗ್ಗದ ಗುರುತು. ಅದನ್ನು ನೋಡಿ ನನಗೆ ಹೊಟ್ಟೆ ಉರಿದದ್ದು ಇವತ್ತಿಗೂ ತಣ್ಣಗಾಗಿಲ್ಲ. ಹಗ್ಗ ಅಂದರೆ ಬರೀ ಗೆರೆ ಅಂದುಕೊಳ್ಳಬೇಡಿ. ಯಾವ ಹಾಯಿ ಬಿಚ್ಚಿದೆ, ಯಾವುದು ಸುತ್ತಿದೆ, ಗಾಳಿ ಯಾವ ಕಡೆಯಿಂದ, ಹಡಗು ಯುದ್ಧದ್ದೋ ವ್ಯಾಪಾರದ್ದೋ, ಎಲ್ಲವನ್ನೂ ಅದು ಹೇಳುತ್ತದೆ. ಆ ಕಾಲದ ಡಚ್ ಕಡಲ ಚಿತ್ರಕಾರರಲ್ಲಿ ವಿಲ್ಲೆಮ್ ವಾನ್ ಡೆ ವೆಲ್ಡೆ ಎಂಬ ಒಂದೇ ಹೆಸರಿನ ಅಪ್ಪ ಮಗ ಇದ್ದರು, ಅವರಲ್ಲಿ ಅಪ್ಪ ಕಡಲ ಯುದ್ಧದ ನಡುವೆಯೇ ದೋಣಿಯಲ್ಲಿ ಕೂತು ಹಡಗುಗಳನ್ನು ಬರೆದುಕೊಳ್ಳುತ್ತಿದ್ದ. ಅಷ್ಟು ಜೀವ ಒತ್ತೆ ಇಟ್ಟು ಕಲಿತ ವಿವರಗಳು ಅವು. ಮುಂದೆ ಇಬ್ಬರೂ ಇಂಗ್ಲೆಂಡಿಗೆ ಹೋದಾಗ ಎರಡನೇ ಚಾರ್ಲ್ಸ್ ದೊರೆ ಒಬ್ಬೊಬ್ಬರಿಗೂ ವರ್ಷಕ್ಕೆ 100 ಪೌಂಡ್ ಕೊಟ್ಟು, ಗ್ರೀನಿಚ್‌ನ ಕ್ವೀನ್ಸ್ ಹೌಸ್‌ನಲ್ಲಿ ಕೆಲಸಕ್ಕೆ ಜಾಗ ಮಾಡಿಕೊಟ್ಟ. ಅಂಥವರ ಗೆರೆಯನ್ನು ಅರ್ಧ ಗಂಟೆಯ ಅವಸರ ಅಳಿಸಿಬಿಡಬಲ್ಲದು.

ಹೀಗಾಗಿ ತೆಗೆಯುವುದರ ಬಗ್ಗೆ ಆ ಓದುಗರಿಗಿರುವ ಭಯ ನನಗೂ ಇದೆ. ಅವರಿಗಿಂತ ಜಾಸ್ತಿಯೇ ಇದೆ ಎನ್ನಬಹುದು. ಆದರೂ ಈ ತಿಮಿಂಗಿಲದ ವಿಷಯದಲ್ಲಿ ನಾನು ಮ್ಯೂಸಿಯಂ ಪರ.

ಮೇಲೆ ಬಳಿದ ಬಣ್ಣ ಸಿಕ್ಕಿದಾಗ ನಾವು ಕೇಳುವ ಮೊದಲ ಪ್ರಶ್ನೆ, ಯಾರು ಬಳಿದದ್ದು ಎಂಬುದು. ಚಿತ್ರಕಾರ ತಾನೇ ಮನಸ್ಸು ಬದಲಿಸಿ ಮುಚ್ಚಿದನೋ, ಇನ್ಯಾರೋ ಆಮೇಲೆ ಮುಚ್ಚಿದರೋ? ಇಡೀ ತೀರ್ಮಾನ ನಿಲ್ಲುವುದು ಇದರ ಮೇಲೆ. ಸುಳಿವುಗಳು ಚಿತ್ರದ ಒಳಗೇ ಇರುತ್ತವೆ. ತೈಲಬಣ್ಣ ಹಳೆಯದಾದಂತೆ ಸಣ್ಣಗೆ ಬಿರುಕು ಬಿಡುತ್ತದೆ. ಮೇಲಿನ ಬಣ್ಣ ಆ ಬಿರುಕಿನ ಒಳಗೆ ಇಳಿದಿದ್ದರೆ, ಬಿರುಕು ಮೊದಲು, ಬಣ್ಣ ಆಮೇಲೆ. ಅಂದರೆ ಚಿತ್ರ ಮುಗಿದು ಬಹಳ ಕಾಲವಾದ ಮೇಲೆ ಬೇರೆ ಕೈ ಬಿದ್ದಿದೆ. ಇನ್ನೊಂದು ದಾರಿ, ಗುಂಡುಸೂಜಿಯ ತಲೆಗಿಂತ ಚಿಕ್ಕ ಚೂರು ಬಣ್ಣ ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಕ್ಕೆ ನಯ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು. ಪದರಗಳು ಒಂದರ ಮೇಲೊಂದು ಕಾಣುತ್ತವೆ. ತಳದ ಬಣ್ಣ, ಅದರ ಮೇಲೆ ಚಿತ್ರದ ಬಣ್ಣ. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಹಳೆಯ ವಾರ್ನಿಷ್ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ. ಆ ಹೊಳೆಯುವ ಗೆರೆ ಎರಡು ಬಣ್ಣದ ಪದರಗಳ ನಡುವೆ ಕಂಡರೆ ಉತ್ತರ ಸಿಕ್ಕಿದ ಹಾಗೆ. ಚಿತ್ರ ಮುಗಿದು, ವಾರ್ನಿಷ್ ಹಚ್ಚಿ, ಆಮೇಲೆ ಯಾರೋ ಅದರ ಮೇಲೆ ಬಳಿದಿದ್ದಾರೆ.

ಬಣ್ಣವೇ ತನ್ನ ವಯಸ್ಸು ಹೇಳುವುದೂ ಉಂಟು. ಪ್ರಷ್ಯನ್ ನೀಲಿ ಹುಟ್ಟಿದ್ದು ಬರ್ಲಿನ್‌ನಲ್ಲಿ, 1700ರ ನಂತರದ ಮೊದಲ ದಶಕದಲ್ಲಿ. 1641ರ ಚಿತ್ರವೊಂದರ ಸಮುದ್ರದಲ್ಲಿ ಅದು ಸಿಕ್ಕಿದರೆ ಆ ಭಾಗ ಮೂಲದ್ದಾಗಿರಲು ಸಾಧ್ಯವೇ ಇಲ್ಲ. ಆಂತೋನಿಸನ್ ಕಾಲದ ಡಚ್ಚರ ಕೈಗೆ ಸುಲಭವಾಗಿ ಸಿಗುತ್ತಿದ್ದ ಅಗ್ಗದ ನೀಲಿ ಸ್ಮಾಲ್ಟ್. ಕೋಬಾಲ್ಟ್ ಸೇರಿಸಿ ಮಾಡಿದ ನೀಲಿ ಗಾಜಿನ ಪುಡಿ ಅದು. ಎಣ್ಣೆಯಲ್ಲಿ ಕಲಸಿ ಬಳಿದರೆ ಕಾಲ ಕಳೆದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಇವತ್ತು ಮಂಕಾಗಿ ಕಾಣುವ ಎಷ್ಟೋ ಡಚ್ ಆಕಾಶಗಳು ಒಂದು ಕಾಲಕ್ಕೆ ನೀಲಿಯಾಗಿದ್ದವು. ಆಮೇಲೆ ಬಂದು ಮೇಲೆ ಬಳಿಯುವವನ ಕಣ್ಣಿಗೆ ಕಾಣುವುದು ಈ ಬೂದು, ಮತ್ತು ಅದರ ಮೇಲಿನ ಹಳದಿ ವಾರ್ನಿಷ್. ಅವನು ಅದಕ್ಕೆ ಹೊಂದುವ ಬಣ್ಣ ಕಲಸುತ್ತಾನೆ. ಮುಂದೆ ವಾರ್ನಿಷ್ ತೆಗೆದ ದಿನ ಅವನ ತೇಪೆ ಒಂದು ಬಣ್ಣ, ಸುತ್ತಲಿನ ಸಮುದ್ರ ಇನ್ನೊಂದು ಬಣ್ಣ ಆಗಿ ನಿಲ್ಲುತ್ತವೆ. ಹಾಗಾಗಿ ಮೇಲಿನ ಬಣ್ಣವನ್ನು ಇದ್ದ ಹಾಗೇ ಉಳಿಸಿಕೊಳ್ಳಿ ಎಂದು ಹೇಳುವುದು ಸುಲಭ. ವಾರ್ನಿಷ್ ಹೋದ ಮೇಲೆ ಆ ಓದುಗರು ಕಾಪಾಡಬೇಕೆನ್ನುವ ಚಿತ್ರವೂ ಮೊದಲಿನ ಹಾಗೆ ಉಳಿದಿರುವುದಿಲ್ಲ.

ಮುಚ್ಚಿದ್ದನ್ನೆಲ್ಲ ತೆರೆಯಲೇಬೇಕು ಎಂದು ನಾನು ಹೇಳುತ್ತಿಲ್ಲ. ತೆರೆಯಬಾರದ ಚಿತ್ರಗಳೂ ಇವೆ. ಅದೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರವನ್ನೇ ನೋಡಿ. ಅವಳ ಹಿಂದಿನ ಗೋಡೆ ಖಾಲಿ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನವರು ಸ್ಕ್ಯಾನ್ ಮಾಡಿದಾಗ ಆ ಗೋಡೆಯ ಬಣ್ಣದ ಅಡಿಯಲ್ಲಿ ಹೂಜಿಗಳನ್ನು ನೇತುಹಾಕುವ ಪಟ್ಟಿ ಸಿಕ್ಕಿತು. ಕೆಳಗೆ ಕೆಂಡದ ಬುಟ್ಟಿಯೂ ಇತ್ತು. ಮುಚ್ಚಿದವನು ಸ್ವತಃ ವರ್ಮೀರ್. ಅದು ಅವನ ತೀರ್ಮಾನ. ಆ ಖಾಲಿ ಗೋಡೆಗಾಗಿಯೇ ಅವನು ಅವನ್ನು ತೆಗೆದಿದ್ದಾನೆ. ಯಾವ ಸಂರಕ್ಷಕರೂ ಅದನ್ನು ಮುಟ್ಟುವುದಿಲ್ಲ. ಸ್ಕ್ಯಾನ್‌ನಲ್ಲಿ ನೋಡಿ ತಿಳಿದುಕೊಂಡರೆ ಸಾಕು.

ಅದೇ ವರ್ಮೀರ್‌ನ ಇನ್ನೊಂದು ಚಿತ್ರ ಜರ್ಮನಿಯ ಡ್ರೆಸ್ಡನ್‌ನಲ್ಲಿದೆ. ತೆರೆದ ಕಿಟಕಿಯ ಮುಂದೆ ಪತ್ರ ಓದುವ ಹುಡುಗಿ. ಅಲ್ಲೂ ಖಾಲಿ ಗೋಡೆ. 1979ರಲ್ಲೇ ಎಕ್ಸ್-ರೇಯಲ್ಲಿ ಗೋಡೆಯ ಅಡಿಯಲ್ಲಿ ಮನ್ಮಥನ ಚಿತ್ರ ಇರುವುದು ಗೊತ್ತಾಗಿತ್ತು. ವರ್ಮೀರನೇ ಮುಚ್ಚಿರಬೇಕು ಎಂದು ಎಲ್ಲರೂ ನಂಬಿದ್ದರು. ಯಾರೂ ಕೈ ಹಾಕಲಿಲ್ಲ. ಅದು ಸರಿಯಾದ ನಡೆ. 2017ರಲ್ಲಿ ಸಂರಕ್ಷಣೆ ಶುರುವಾದ ಮೇಲೆ ಪದರಗಳನ್ನು ಪರೀಕ್ಷೆ ಮಾಡಿದರು. ಮನ್ಮಥನಿಗೂ ಮೇಲಿನ ಬಣ್ಣಕ್ಕೂ ನಡುವೆ ವಾರ್ನಿಷ್ ಇತ್ತು, ಕೊಳೆ ಇತ್ತು. ಚಿತ್ರ ಮುಗಿದು ದಶಕಗಳಾದ ಮೇಲೆ ಬಳಿದದ್ದು ಎಂದು ಸಾಬೀತಾಯಿತು. ಅಷ್ಟೊತ್ತಿಗೆ ವರ್ಮೀರ್ ಬದುಕಿರಲು ಸಾಧ್ಯವಿಲ್ಲ. ಆಗ ತಜ್ಞರ ಸಮಿತಿ ಕೂತು ತೆಗೆಯಲು ಒಪ್ಪಿತು. 2018ರಲ್ಲಿ ಶುರುವಾದ ಕೆಲಸ ಮುಗಿದು ಜನ ಆ ಚಿತ್ರ ನೋಡಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಒಂದೇ ಚಿತ್ರಕಾರ, ಎರಡು ಖಾಲಿ ಗೋಡೆ, ಎರಡು ಬೇರೆ ತೀರ್ಮಾನ. ಎರಡೂ ಸರಿ.

ತಿಮಿಂಗಿಲ ಇದರಲ್ಲಿ ಎರಡನೇ ಬಗೆಯದು. ಮೇಲಿನ ಬಣ್ಣ 18 ಅಥವಾ 19ನೇ ಶತಮಾನದ್ದು ಎಂಬುದು ಮ್ಯೂಸಿಯಂನ ಅಭಿಪ್ರಾಯ. ಆಂತೋನಿಸನ್ ತೀರಿಕೊಂಡದ್ದು 1656ರಲ್ಲಿ. ಅವನ ಒಪ್ಪಿಗೆ ಅದಕ್ಕಿರಲಿಲ್ಲ. ಏಕೆ ಮುಚ್ಚಿದರು? ಸತ್ತ ಪ್ರಾಣಿ ಗೋಡೆಯ ಮೇಲೆ ಬೇಡ ಅನ್ನಿಸಿರಬಹುದು. ತಿಮಿಂಗಿಲ ಇಲ್ಲದಿದ್ದರೆ ಬೇಗ ಮಾರಾಟವಾಗುತ್ತದೆ ಎಂದು ವ್ಯಾಪಾರಿಯೊಬ್ಬ ಎಣಿಸಿರಬಹುದು. ಆಗ ಇಂಥ ಚಿತ್ರ ಅಂದರೆ ಮನೆಯ ಅಲಂಕಾರ. ಗೋಡೆಗೆ ಹೊಂದದಿದ್ದರೆ ಅಂಚು ಕತ್ತರಿಸುವುದು, ಬೇಡದ್ದನ್ನು ಮುಚ್ಚುವುದು, ದೊಡ್ಡ ಹೆಸರಿನ ಸುಳ್ಳು ಸಹಿ ಹಾಕುವುದು, ಎಲ್ಲ ನಡೆಯುತ್ತಿತ್ತು. ಪತ್ರ ಬರೆದವರು ಇದನ್ನೂ ಚಿತ್ರಕಾರನ ಕೆಲಸ ಎಂದು ಗೌರವಿಸುತ್ತಾರೆ. ನನಗೆ ಆ ಗೌರವ ಅಷ್ಟು ಇಲ್ಲ. ಅವನು ಬರೆದದ್ದು ಒಂದು ಹೊಸ ಚಿತ್ರವನ್ನಲ್ಲ. ಇನ್ನೊಬ್ಬನ ಚಿತ್ರದ ಹೊಟ್ಟೆಯಿಂದ ವಿಷಯವನ್ನೇ ತೆಗೆದುಬಿಟ್ಟ, ಅಷ್ಟೇ. ಆ ಜನ ಅಲ್ಲಿಗೆ ಬಂದದ್ದೇ ತಿಮಿಂಗಿಲ ನೋಡಲು. ಅದಿಲ್ಲದೆ ಅವರು ಯಾಕೆ ನಿಂತಿದ್ದಾರೆ ಎನ್ನುವುದಕ್ಕೆ ಚಿತ್ರದಲ್ಲಿ ಉತ್ತರವೇ ಇರಲಿಲ್ಲ.

ಅದೂ ಸಾಮಾನ್ಯ ವಿಷಯವಲ್ಲ. ಹಾಲೆಂಡ್ ಕರಾವಳಿಗೆ ತಿಮಿಂಗಿಲ ಬಂದು ಬೀಳುವುದೆಂದರೆ ಆ ಕಾಲಕ್ಕೆ ಊರಿಗೆ ಊರೇ ಎದ್ದು ಬರುವ ಘಟನೆ. 1598ರಲ್ಲಿ ಬರ್ಕ್‌ಹೈ ಎಂಬಲ್ಲಿ ಬಿದ್ದ ತಿಮಿಂಗಿಲದ ಚಿತ್ರವನ್ನು ಯಾಕೊಬ್ ಮಾಥಮ್ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ. 1601ರ ಕೊನೆಯಲ್ಲಿ ಬೆವರ್‌ವೈಕ್‌ನಲ್ಲಿ ಇನ್ನೊಂದು ಬಿತ್ತು. ಯಾನ್ ಸಾನ್ರೆಡಮ್ ಅದನ್ನು ಕೆತ್ತಿದ. ಆ ಅಚ್ಚುಚಿತ್ರದ ಮುಂಭಾಗದಲ್ಲಿ ನಸ್ಸೌ ಮನೆತನದ ಅರ್ನ್‌ಸ್ಟ್ ಕಸಿಮಿರ್ ನಿಂತಿದ್ದಾನೆ. ಮೂಗಿಗೆ ಕರವಸ್ತ್ರ ಹಿಡಿದಿದ್ದಾನೆ. ನಾತ ಅಷ್ಟಿತ್ತು! ಒಂದು ಬದಿಯಲ್ಲಿ ಸಾನ್ರೆಡಮ್ ತನ್ನನ್ನೇ ಬರೆದುಕೊಂಡಿದ್ದಾನೆ, ಕಾಗದ ಹಿಡಿದು ತಿಮಿಂಗಿಲ ಬರೆಯುತ್ತಿರುವ ಹಾಗೆ. ಜನ ಇದನ್ನು ಕೇಡಿನ ಶಕುನ ಎಂದು ನಂಬುತ್ತಿದ್ದರು. ಯುದ್ಧ, ರೋಗ, ಏನೋ ಒಂದು ಬರುತ್ತದೆ ಅಂತ. ಅದೇ ಹೊತ್ತಿಗೆ ಅಳತೆ ಮಾಡುವವರೂ ಇದ್ದರು, ಕೊಬ್ಬಿನಿಂದ ಎಷ್ಟು ಎಣ್ಣೆ ಬರುತ್ತದೆ ಎಂದು ಲೆಕ್ಕ ಹಾಕುವವರೂ ಇದ್ದರು. ಭಯ, ಕುತೂಹಲ, ವ್ಯಾಪಾರ, ಮೂರೂ ಒಂದೇ ದಂಡೆಯಲ್ಲಿ.

ಇದು ಹಳೆಯ ಕಾಲಕ್ಕೆ ಮುಗಿದ ಕಥೆಯೂ ಅಲ್ಲ. ಅಲ್ಲಿಗೆ ಬಂದು ಬೀಳುವ ದೊಡ್ಡ ತಿಮಿಂಗಿಲಗಳಲ್ಲಿ ಸ್ಪರ್ಮ್ ತಿಮಿಂಗಿಲಗಳೇ ಜಾಸ್ತಿ. ಅವು ಆಳ ಸಮುದ್ರದವು. ಆಳಕ್ಕೆ ಮುಳುಗಿ ಸ್ಕ್ವಿಡ್ ಹಿಡಿದು ತಿನ್ನುತ್ತವೆ. ದಾರಿ ತಪ್ಪಿ ಉತ್ತರ ಸಮುದ್ರದ ದಕ್ಷಿಣ ಭಾಗಕ್ಕೆ ಬಂದರೆ ಅಲ್ಲಿ ನೀರು ಆಳವಿಲ್ಲ, ತಳವೆಲ್ಲ ಇಳಿಜಾರು ಮರಳು. ಶಬ್ದದಿಂದ ದಾರಿ ಹುಡುಕುವ ಅವುಗಳಿಗೆ ದಿಕ್ಕು ತೋಚುವುದಿಲ್ಲ. 2016ರ ಚಳಿಗಾಲದಲ್ಲಿ ಉತ್ತರ ಸಮುದ್ರದ ಸುತ್ತ 30 ತಿಮಿಂಗಿಲಗಳು ಹೀಗೆ ಸತ್ತವು. ಕೆಲವು ಡಚ್ಚರ ಟೆಕ್ಸಲ್ ದ್ವೀಪದಲ್ಲೇ ಬಿದ್ದವು. ತಿಮಿಂಗಿಲ ತಜ್ಞರು ಹಳೆಯ ಘಟನೆಗಳನ್ನು ಒಟ್ಟು ಹಾಕುವಾಗ ಇಂಥ ಅಚ್ಚುಚಿತ್ರ, ತೈಲಚಿತ್ರಗಳನ್ನೂ ನೋಡುತ್ತಾರೆ. ಬಣ್ಣದ ಅಡಿಯಲ್ಲಿ ಹೂತಿದ್ದ ಒಂದು ಸಾಕ್ಷಿ ಈಗ ಅವರ ಕಣ್ಣಿಗೂ ಸಿಗುತ್ತಿದೆ.

ಮೇಲಿನ ಬಣ್ಣ ತೆಗೆದ ಬಗೆಯನ್ನೂ ಹೇಳಬೇಕು. ಹೊಸ ವಾರ್ನಿಷ್‌ನಷ್ಟು ಸುಲಭವಾಗಿ ಹಳೆಯ ಎಣ್ಣೆ ಬಣ್ಣ ಕರಗುವುದಿಲ್ಲ. ನೂರಾರು ವರ್ಷದ ಬಣ್ಣ ಕಲ್ಲಿನ ಹಾಗೆ ಗಟ್ಟಿ. ಅದನ್ನು ಕರಗಿಸುವಷ್ಟು ಬಲವಾದ ದ್ರಾವಕ ಹಾಕಿದರೆ ಅಡಿಯ ಮೂಲ ಬಣ್ಣಕ್ಕೂ ಅಪಾಯ. ಹಾಗಾಗಿ ಕುವಾಂಗ್ ಮೈಕ್ರೋಸ್ಕೋಪ್ ಕೆಳಗೆ ಸ್ಕಾಲ್ಪೆಲ್ ಮತ್ತು ದ್ರಾವಕ ಎರಡನ್ನೂ ಬಳಸಿ ಚೂರು ಚೂರಾಗಿ ಬಿಡಿಸಿದರು. ಸ್ಕಾಲ್ಪೆಲ್ ಅಂದರೆ ಆಪರೇಷನ್‌ಗೆ ಬಳಸುವ ಅದೇ ಸಣ್ಣ ಚೂರಿ. ಅದನ್ನು ಬಹುತೇಕ ಮಲಗಿಸಿ ಹಿಡಿಯುತ್ತೇವೆ. ಮೊನೆ ಕೆಳಗೆ ಒತ್ತಬಾರದು. ಪದರದ ಅಡಿಗೆ ಅಲಗು ಜಾರಿದಾಗ ಬೆರಳಿಗೆ ಗೊತ್ತಾಗುತ್ತದೆ. ಮೇಲಿನ ಬಣ್ಣ ಸಣ್ಣ ಹೊಟ್ಟಾಗಿ ಎದ್ದು ಬರುತ್ತದೆ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಷ್ಟು ಹಗುರ. ಒಂದು ದಿನದ ಕೆಲಸ ಕೆಲವು ಸಲ ಅಂಚೆಚೀಟಿಯಷ್ಟು ಜಾಗವನ್ನೂ ದಾಟುವುದಿಲ್ಲ. ಬೆನ್ನು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ಸುಸ್ತಾದಾಗ ನಿಲ್ಲಿಸುವುದೂ ಈ ಕೆಲಸದ ಭಾಗವೇ.

ಆಮೇಲೆ ಕಳೆದುಹೋದ ಜಾಗಗಳಿಗೆ ಬಣ್ಣ ತುಂಬುವುದು. ಇಲ್ಲಿ ನಮ್ಮ ಕಾಲದ ನಿಯಮ ಆ ಹಳೆಯ ವ್ಯಾಪಾರಿಯ ದಾರಿಗೆ ಪೂರ್ತಿ ಉಲ್ಟಾ. ಮೊದಲು ಹೊಸ ವಾರ್ನಿಷ್ ಪದರ ಹಚ್ಚುತ್ತೇವೆ. ನಮ್ಮ ಬಣ್ಣ ಕೂರುವುದು ಅದರ ಮೇಲೆ, ಮೂಲ ಬಣ್ಣದ ಮೇಲಲ್ಲ. ಬಣ್ಣ ಹೋದ ಗುಳಿಯ ಒಳಗೆ ಮಾತ್ರ ಹಚ್ಚುತ್ತೇವೆ, ಅಂಚು ದಾಟುವುದಿಲ್ಲ. ಬಳಸುವ ಬಣ್ಣವೂ ಎಣ್ಣೆಯದ್ದಲ್ಲ, ಎಷ್ಟೋ ವರ್ಷದ ಮೇಲೂ ಮೆಲು ದ್ರಾವಕದಲ್ಲಿ ಕರಗುವಂಥದ್ದು. ನಾಳೆ ಯಾರಿಗಾದರೂ ನಾವು ಮಾಡಿದ್ದು ಸರಿಯಿಲ್ಲ ಅನ್ನಿಸಿದರೆ ಒಂದು ಮಧ್ಯಾಹ್ನದಲ್ಲಿ ನಮ್ಮ ಕೈಕೆಲಸವನ್ನೆಲ್ಲ ತೆಗೆದುಬಿಡಬಹುದು. ಪ್ರತಿ ಹಂತದ ಫೋಟೋ, ಬಳಸಿದ ಪ್ರತಿ ವಸ್ತುವಿನ ಹೆಸರು ಕಡತದಲ್ಲಿ ಇರುತ್ತದೆ. ಆ ಓದುಗರು ಇತಿಹಾಸ ಅಳಿಸಿಹೋಯಿತು ಎಂದು ನೊಂದುಕೊಂಡಿದ್ದಾರೆ. ತಿಮಿಂಗಿಲ ಇಲ್ಲದ ಚಿತ್ರ ಹೇಗಿತ್ತು ಎಂಬುದು ಫೋಟೋಗಳಲ್ಲಿ ಇದೆ. ಮುಚ್ಚಿದವನು ಮಾತ್ರ ತಾನು ಮುಚ್ಚಿದ್ದರ ಬಗ್ಗೆ ಒಂದು ಸಾಲನ್ನೂ ಬಿಟ್ಟುಹೋಗಲಿಲ್ಲ.

ಇನ್ನು ನಿಮ್ಮ ಪತ್ರಿಕೆಯ ಮೇಲೆ ನನ್ನದೊಂದು ದೂರು. ಲೇಖನದ ಜೊತೆ ಹಾಕಿದ ಚಿತ್ರವನ್ನು ನೀವು ತಿಮಿಂಗಿಲದ ಸುತ್ತಕ್ಕೆ ಕತ್ತರಿಸಿ ಹಾಕಿದ್ದೀರಿ. ತಿಮಿಂಗಿಲ ದೊಡ್ಡದಾಗಿ ಕಾಣಲಿ ಎಂದು ಹಾಗೆ ಮಾಡಿದ್ದೀರಿ, ಗೊತ್ತು. ಆದರೆ ಅದರಿಂದ ದಿಬ್ಬದ ಮೇಲೆ ನಿಂತ ಜನ ಹೋದರು, ದೂರದ ಗುಂಪುಗಳು ಹೋದವು, ಆಕಾಶದ ಬಹುಪಾಲು ಹೋಯಿತು. ಈ ಪತ್ತೆಯ ಮೂಲ ಸುಳಿವೇ ಆ ಜನ. ಅವರು ಎಲ್ಲಿ ನಿಂತಿದ್ದಾರೆ, ಎತ್ತ ತಿರುಗಿದ್ದಾರೆ ಎಂದು ಒಬ್ಬರು ಕೂತು ನೋಡಿದ್ದರಿಂದಲೇ ಅನುಮಾನ ಹುಟ್ಟಿದ್ದು. ಓದುಗರಿಗೆ ಅದೇ ಸಿಗದಿದ್ದರೆ, ಆ ಪತ್ರ ಬರೆದವರಿಗೆ ಅನ್ನಿಸಿದ ಹಾಗೆ, ಯಾರದೋ ಖುಷಿಗೆ ತಿಮಿಂಗಿಲ ಎಳೆದು ತಂದ ಹಾಗೆ ಕಾಣುವುದು ಸಹಜ.

ಹಾಗಾಗಿ ಒಂದು ಕೋರಿಕೆ. ಮುಂದಿನ ಪುರವಣಿಯಲ್ಲಿ ಚಿತ್ರವನ್ನು ಕತ್ತರಿಸದೆ ಇಡಿಯಾಗಿ ಹಾಕಿ. ತಿಮಿಂಗಿಲ ಇಲ್ಲದ ಹಳೆಯ ಫೋಟೋ ಮೇಲೆ, ಈಗಿನದು ಕೆಳಗೆ, ಎರಡೂ ಒಂದೇ ಅಳತೆಯಲ್ಲಿ ಇರಲಿ. ಎರಡೂ ಫೋಟೋಗಳನ್ನು ಮ್ಯೂಸಿಯಂ 2014ರಲ್ಲೇ ಪತ್ರಿಕೆಗಳಿಗೆ ಕೊಟ್ಟಿದೆ. ಅದರ ಪಕ್ಕದಲ್ಲಿ ಆಕ್ಷೇಪಿಸಿದ ಓದುಗರ ಪತ್ರವನ್ನೂ ಮತ್ತೊಮ್ಮೆ ಅಚ್ಚು ಮಾಡಿ. ಮೇಲಿನ ಫೋಟೋದಲ್ಲಿ ಮೊದಲು ಜನರನ್ನು ನೋಡಿ ಎಂದು ಓದುಗರಿಗೆ ಹೇಳಿ. ಉಳಿದದ್ದನ್ನು ಅವರೇ ತೀರ್ಮಾನಿಸಲಿ.

ಇಂತಿ ನಿಮ್ಮ ವಿಶ್ವಾಸಿ,
ಚಿತ್ರ ಸಂರಕ್ಷಕಿ, ನಿಮ್ಮ ಪತ್ರಿಕೆಯ ಓದುಗಾರ್ತಿ